ಎಡಗಡೆಯಿಂದ ಬಂದ ಕಾರು

ಆ ಕಾಲದ ಪುಣೆಯಲ್ಲಿ ಸೈಕಲ್ಲಿನವರದು ಒಂದು ಜಾತಿ, ಮೋಟಾರಿನವರದು ಇನ್ನೊಂದು. ನಡುವೆ ಕೊಟ್ಟು ತರುವ ಸಂಬಂಧವಿರಲಿಲ್ಲ. ನಾವು ಸೈಕಲ್ಲಿನ ಜಾತಿಯವರು. ನನ್ನ ಗಂಡ ಖಡಕಿಯ ಮಿಲಿಟರಿ ಉಗ್ರಾಣದಲ್ಲಿ ಕಾರಕೂನರು. ಶನಿವಾರ ಪೇಟೆಯ, ಹತ್ತಾರು ಬಿಡಾರಗಳ ನಮ್ಮ ವಾಡೆಯಿಂದ ದಿನಾ ಸೈಕಲ್ಲು ತುಳಿದು ಹೋಗುತ್ತಿದ್ದರು. ಮುಂಜಾನೆ ಆ ರಸ್ತೆಯ ತುಂಬ ಸೈಕಲ್ಲುಗಳೇ. ಮೂರು ನಾಲ್ಕು ಮಂದಿ ಸಾಲುಗಟ್ಟಿ ಹರಟುತ್ತ ಹೋಗುವಾಗ ಹಿಂದಿನ ಕಾರು ಎಷ್ಟು ಭೋಂಪು ಒತ್ತಿದರೂ ಅವರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕಾರಿನವರೇನು ಕಡಿಮೆಯೇ, ಮಳೆಗಾಲದಲ್ಲಿ ಬೇಕೆಂತಲೇ ರಾಡಿಯ ಮೇಲೆ ಹಾಯಿಸಿ ಕೆಸರು ಸಿಡಿಸುತ್ತಾರೆಂದು ವಾಡೆಯವರ ಗುಮಾನಿ. ನನಗೆ ಅದು ಗುಮಾನಿಯಲ್ಲ, ಖಾತ್ರಿ. ಧಾರವಾಡದಲ್ಲಿ ನನ್ನ ಅಜ್ಜಿ ಹಾಲಿನವಳು ಬರುವ ಹೊತ್ತಿಗೆ, ಎಲ್ಲಿ ಹಾಲಿಗೆ ಬೆರೆಸುತ್ತಾಳೋ ಎಂದು, ನೀರಿನ ಕೊಡವನ್ನೇ ಒಳಗೆ ಎತ್ತಿಡುತ್ತಿದ್ದಳು. ನಾನು ಅವಳ ಮೊಮ್ಮಗಳು.

ಯುದ್ಧದ ದಿನಗಳಲ್ಲಿ ಒಮ್ಮೆ, ಖಡಕಿಯ ದಾರಿಯಲ್ಲಿ, ಬಲಕ್ಕೊಂದು ರಸ್ತೆ ಒಡೆಯುವ ಕಡೆ ಒಂದು ಕಾರು ಇವರನ್ನು ಕೆಡವಿತು. ಎಡಗಾಲಿನ ಎಲುಬು ಮುರಿಯಿತು. ಕಾರು ಹಿಂದಿನಿಂದ, ಅದೂ ಎಡಗಡೆಯಿಂದ ನುಗ್ಗಿತ್ತು. ಮುಂದಿನ ಗಾಡಿಯನ್ನು ಬಲಗಡೆಯಿಂದ ದಾಟಬೇಕೆಂಬುದು ಟಾಂಗಾದ ಕುದುರೆಗೂ ಗೊತ್ತು. ಪೋಲೀಸರು ಡ್ರೈವರನ ಲೈಸನ್ಸು ಇಸಿದುಕೊಂಡರು. ಅವನು ದಂಡಿನ ಕ್ಯಾಂಪಿನ ಒಬ್ಬ ಬ್ಯಾರಿಸ್ಟರರ ಕಾರು ನಡೆಸುವವನು, ಬೆಳಗಾವಿ ಕಡೆಯವನು. ಫಿರ್ಯಾದು ಇತ್ಯರ್ಥವಾಗುವವರೆಗೆ ಕೆಲಸಕ್ಕೆ ಬರಬೇಡವೆಂದು ಬ್ಯಾರಿಸ್ಟರರೂ ಹೇಳಿದ್ದರಂತೆ.

ಮರುದಿನವೇ ಅವನು ನಮ್ಮ ಬಾಗಿಲಿಗೆ ಬಂದ.

"ಸಾಹೇಬ್ರ, ನೀವು ಬಲಕ್ಕ ಕೈ ಮಾಡಿದ್ರಿ. ಬಲಕ್ಕ ಹೊಳ್ಳತೀರಿ ಅಂತ ನಾ ಎಡಗಡಿಂದ ತಗೊಂಡೆ. ನೀವು ಸೀದಾ ಬಂದ್ರಿ."

"ಖಡಕಿಗೆ ಹೋಗಾಂವ ಬಲಕ್ಕ ಯಾಕ ಕೈ ಮಾಡ್ಲಿ? ಹ್ಯಾಂಡಲ್ ಮ್ಯಾಲಿನ ಕೈ ನಾ ತಗದಽ ಇಲ್ಲ" ಎಂದರು ಇವರು, ಹಾಸಿಗೆಯಿಂದಲೇ.

ನನ್ನ ಗಂಡ ಸುಳ್ಳು ಹೇಳುವವರಲ್ಲ. ಹಾಗಾದರೆ ಸುಳ್ಳ ಯಾರು? ನನಗೆ ಇನ್ನೇನೂ ವಿಚಾರಿಸುವುದು ಬೇಕಿರಲಿಲ್ಲ.

ಅವನು ಮತ್ತೆ ಮತ್ತೆ ಬಂದ. ಮೋಸಂಬಿ ತಂದ; ನಾನು ಅವನ್ನು ಮುಟ್ಟಗೊಡಲಿಲ್ಲ. ಅತಿ ವಿನಯಂ ಧೂರ್ತ ಲಕ್ಷಣಂ. ನನ್ನನ್ನು "ಅಕ್ಕಾರ" ಎಂದು ಕರೆದ. ಮನೆಮಾತಿನಲ್ಲಿ ಮಾತಾಡಿ ಮನಸ್ಸು ಕರಗಿಸುವ ಹಂಚಿಕೆ ಎಂದುಕೊಂಡೆ. ಒಂದು ಸಂಜೆ ನಾನು ನೀರು ತುಂಬಿಕೊಂಡು ಬಂದರೆ ಅಂಗಳದಲ್ಲಿ ಕೂತು ನಮ್ಮ ಸೈಕಲ್ಲಿನ ಡೊಂಕಾದ ಗಾಲಿಯನ್ನು ನೆಟ್ಟಗೆ ಮಾಡುತ್ತಿದ್ದಾನೆ! ಸಾಕ್ಷಿ ಅಳಿಸಲಿಕ್ಕೇ ಬಂದಿದ್ದಾನೆಂದು ಕೂಗಾಡಿದೆ. ಸೈಕಲ್ಲನ್ನು ಅಡುಗೆಮನೆಗೆ ಎಳೆದುಕೊಂಡು ಬಂದು ಹಿಟ್ಟಿನ ಡಬ್ಬಿಗಳ ಮಗ್ಗುಲಿಗೆ ನಿಲ್ಲಿಸಿದೆ. ಅವನು ಎದ್ದು ಕೈ ಒರೆಸಿಕೊಂಡ.

"ಲೈಸನ್ಸ್ ಹೋದ್ರ ನನಗ ಬ್ಯಾರೆ ಕೆಲಸ ಬರಂಗಿಲ್ರಿ, ಅಕ್ಕಾರ" ಎಂದ.

"ಖರೆ ಹೇಳಿದ್ರ ಹೋಗತಿದ್ದಿಲ್ಲ" ಎಂದೆ.

ಇವರು ಕೋಲೂರಿ ನಡೆಯುವಂತಾದ ಮೇಲೆ ಜಬಾನಿ, ಅಂದರೆ ಹೇಳಿಕೆ, ಕೊಡಲು ಪೋಲೀಸ್ ಚೌಕಿಗೆ ಕರೆ ಬಂತು. ಚೌಕಿ ಅದೇ ಖಡಕಿಯ ರಸ್ತೆಯಲ್ಲಿತ್ತು. ಟಾಂಗಾ ಮಾಡಿಕೊಂಡು ಹೊರಟೆವು. ಟಾಂಗಾದ ಹಿಂದಿನ ಸೀಟಿನಲ್ಲಿ ರಸ್ತೆಗೆ ಮುಖ ಮಾಡಿ ಕೂತಿದ್ದೆವು; ಹಿಂದೆ ಬರುವ ಸೈಕಲ್ಲುಗಳೆಲ್ಲ ಕಣ್ಣೆದುರಿಗೇ. ಇವರು ಹವಾಲ್ದಾರನ ಮುಂದೆ ಹೇಳುವುದನ್ನು ನನ್ನ ಮುಂದೆ ಒಪ್ಪಿಸುತ್ತಿದ್ದರು.

"ದೇವರ ಆಣಿ ಮಾಡಿ ಹೇಳತೀನಿ. ಬಲಗೈ ನಾ ತಗದಽ ಇಲ್ಲ..."

ಅಷ್ಟರಲ್ಲಿ ಅವರ ಬಲಗೈ ನನ್ನ ಮೂಗಿನ ಮುಂದೆ ಹಾಯ್ದು ಟಾಂಗಾದ ಹೊರಗೆ ಚಾಚಿತು. ಇವರು ಬಿದ್ದಿದ್ದ, ಬಲಕ್ಕೆ ರಸ್ತೆ ಒಡೆಯುವ ಆ ಮೂಲೆಯಲ್ಲಿ ಒಂದು ಸಣ್ಣ ಮಾರುತಿ ಗುಡಿ. ಕೈ ಗುಡಿಯ ಕಡೆ ಚಾಚಿ, ತಿರುಗಿ ಬಂದು ಕಣ್ಣಿಗೆ ಒತ್ತಿಕೊಂಡಿತು. ಮಾತು ಮಾತ್ರ ನಿಲ್ಲಲಿಲ್ಲ. ನಮ್ಮ ಹಿಂದಿದ್ದ ಸೈಕಲ್ಲಿನವನು ಕೈ ನೋಡಿದ. ಟಾಂಗಾ ಆ ಕಡೆ ಹೊರಳುತ್ತದೆಂದು ತಿಳಿದು ಇನ್ನೊಂದು ಮಗ್ಗುಲಿನಿಂದ ನುಗ್ಗಿದ. ಟಾಂಗಾ ಸೀದಾ ಹೋಯಿತು. ಅವನು ಗಾಲಿಗೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು. ಮರಾಠಿಯಲ್ಲಿ ನಮ್ಮ ಏಳು ತಲೆಮಾರನ್ನು ಬೈಯುತ್ತ ಹೋದ.

"ಈಗ ಏನ ಮಾಡಿದ್ರಿ?" ಎಂದೆ.

"ಎಲ್ಲಿ ಏನ ಮಾಡ್ದೆ?"

"ಕೈ!"

"ಮಾರುತಿಗೆ ನಮಸ್ಕಾರ. ದಿನಾ ಮಾಡತೀನಲ್ಲ" ಎಂದವರು ತಮ್ಮ ಕೈಯನ್ನು ನೋಡಿದರು. ಮುಖದ ಬಣ್ಣ ಇಳಿಯಿತು. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆಂದು ಗೊತ್ತಾಗದ ಸಿಟ್ಟು ಬಹಳ ಕೆಟ್ಟದ್ದು.

ಹವಾಲ್ದಾರನ ಮುಂದೆ ಇವರು ಕೈ ಚಾಚಿದ್ದು ತಾವೇ ಎಂದರು. ಯಾಕೆಂದೂ ಹೇಳಿದರು. ಹವಾಲ್ದಾರ ನಕ್ಕ, ಬರೆದುಕೊಂಡ, ಲೈಸನ್ಸನ್ನು ಮೇಜಿನ ಮೇಲೆ ಸರಿಸಿದ. ಡ್ರೈವರನನ್ನೂ ಕರೆಸಿದ್ದರು, ಗೋಡೆಗೆ ಆನಿ ನಿಂತಿದ್ದ. ಅವನು ಕೈ ಮುಗಿಯಬಹುದೆಂದು ನಾನು ಕಾಯ್ದೆ. ಅವನು ನಮ್ಮಿಬ್ಬರ ಮುಖ ನೋಡಿದ.

"ಇಷ್ಟ ದಿವಸ ಇಲ್ಲ ಅಂದವರು ಈಗ್ಯಾಕ ಹೌದು ಅನ್ನಾಕತ್ತೀರಿ? ನನ್ನಿಂದ ನಿಮಗ ಏನ ಆಗಬೇಕಾಗೇದ್ರಿ?"

ಇವರು ಮಾರುತಿಯ ಕಥೆಯನ್ನು ಕನ್ನಡದಲ್ಲಿ ಮೊದಲಿನಿಂದ ಹೇಳಿದರು. ಅವನು ನಂಬಿದನೋ ಇಲ್ಲವೋ ತಿಳಿಯಲಿಲ್ಲ. "ಹಂಗಾರ ನಮ್ಮ ಮಾಲಕರ ಮುಂದ ಬಂದು ಹೇಳ್ರಿ" ಎಂದಷ್ಟೇ ಅಂದ. ಅದೇ ಟಾಂಗಾದಲ್ಲಿ ಕ್ಯಾಂಪಿಗೆ ಹೊರಟೆವು. ಅವನು ಟಾಂಗಾವಾಲಾನ ಪಕ್ಕ ಕೂತು ದಾರಿಯುದ್ದಕ್ಕೂ ಹಿಂದೆ ತಿರುಗಿ ಇವರ ಮುಖ ನೋಡುತ್ತಿದ್ದ, ಎಲ್ಲಿ ಮಾತು ಬದಲಿಸುತ್ತಾರೋ ಎಂದು.

ಬ್ಯಾರಿಸ್ಟರರು ಪಡಸಾಲೆಯಲ್ಲಿ ನಿಂತೇ ಎಲ್ಲ ಕೇಳಿದರು, ಸಜ್ಜನರು. ಬಹಳ ವಿಚಿತ್ರ ಸಂಗತಿ ಎಂದರು. ಆದರೆ ಕೋರ್ಟಿಗೆ ಹೋಗಿ ಬರಲು ಅವರಿಗೆ ಅಡಚಣೆಯಾಗುತ್ತಿತ್ತು, ಹೋದ ವಾರವೇ ಬೇರೆಯವನನ್ನು ಇಟ್ಟುಕೊಂಡಿದ್ದರು. ಹೊರಗೆ ಆ ಹೊಸಬ ಕಾರು ಒರೆಸುತ್ತಿದ್ದ.

ಗೇಟಿನ ತನಕ ಮೂವರೂ ನಡೆದೆವು. ಕೋಲೂರುತ್ತಿದ್ದ ಇವರಿಗೆ ಟಾಂಗಾ ಹತ್ತಲು ಅವನೇ ರಟ್ಟೆ ಹಿಡಿದ. ಹತ್ತಿಸಿ, ಕೈ ಬಿಟ್ಟು, ಇವರಿಗಲ್ಲ, ನನಗೆ ಹೇಳಿದ:

"ನಾ ಮದಲನೇ ದಿವಸನ ಹೇಳಿದ್ನಲ್ರಿ, ಅಕ್ಕಾರ."