ಹಾಯಿದೋಣಿಯಲ್ಲಿ ಕಂಡವನು

ಆಸ್ಪರಿ ಊರಿನ ತನ್ನ ಮನೆಯಂಗಳದಲ್ಲಿ ಹತ್ತಿ ಹಸನು ಮಾಡುತ್ತಿದ್ದ ಬಸಮ್ಮತ್ತೆ ನನ್ನ ಮಾತು ಕೇಳಿ ಕೈ ನಿಲ್ಲಿಸಿದಳು. ಮನೆಬಿಟ್ಟು ಹೋಗಿ ವರ್ಷಗಳಾಗಿದ್ದ ಅವಳ ಮಗ ವೀರೇಶನನ್ನು ಸಮುದ್ರದ ಮೇಲೆ ನೋಡಿದೆನೆಂದು ಹೇಳಿದ್ದೆ.

ನಾನು ಓದುತ್ತಿದ್ದ ಕರಾವಳಿ ಪಟ್ಟಣದಲ್ಲಿ ಇಂಗ್ಲಿಷ್ ದೊರೆಗಳ ಹಾಯಿದೋಣಿ ಕ್ಲಬ್ಬಿತ್ತು. ಮೊದಲೆಲ್ಲ ದೊರೆಗಳೇ ಪಂದ್ಯದಲ್ಲಿ ದೋಣಿ ಓಡಿಸುತ್ತಿದ್ದರು. ಅವರಲ್ಲಿ ಹಲವರು ಯುದ್ಧಕ್ಕೆ ಹೋದ ಮೇಲೆ ನಮ್ಮವರನ್ನೂ ದೋಣಿಗೆ ಹತ್ತಿಸಿಕೊಳ್ಳತೊಡಗಿದ್ದರು. ಒಂದು ಭಾನುವಾರ ಸಂಜೆ ಬಿಳಿ ಹಾಯಿಗಳು ಸದ್ದಿಲ್ಲದೆ ತೇಲಿಹೋಗುತ್ತಿರುವಾಗ, ಒಂದು ದೋಣಿಯಲ್ಲಿ ಹಗ್ಗ ಹಿಡಿದು ಹಿಂದಕ್ಕೆ ವಾಲಿದ್ದ ವೀರೇಶ ಕಂಡ. ನಾನು ಕೂಗುವಷ್ಟರಲ್ಲಿ ದೋಣಿ ಬಿಸಿಲಿನೊಳಗೆ ಕರಗಿತು.

“ಬಾವಿಗಿ ಇಳಿಯಾಕ ಅಂಜ್ತಿದ್ದ, ಸಮುದ್ರಕ್ಕ ಹೋಗ್ಯಾನೇನು!” ಎಂದು ಅತ್ತೆ ನಕ್ಕಳು. ಮರುಕ್ಷಣ ನನ್ನ ಮುಂಗೈ ಹಿಡಿದಳು. “ಖರೇ ಹೇಳು ನಾಯನಾ, ಹಗ್ಗ ಯಾವ ಕೈಲೆ ಎಳೀತಿದ್ದ?”

“ಎಡಗೈಲೆ, ಅತ್ತೆ.”

“ಹಂಗಾದ್ರ ಅವನ! ನಮ್ಮ ಎಡಚ ಬದುಕ್ಯಾನ!”

ನಾನು ಎಲ್ಲವನ್ನೂ ಸಂಶಯಿಸಲು ಕಲಿತವನು. ಈಗ ಕಣ್ಣು ಮುಚ್ಚಿದರೆ ಹಗ್ಗ ಒಮ್ಮೆ ಆ ಕೈಯಲ್ಲಿರುತ್ತದೆ, ಒಮ್ಮೆ ಈ ಕೈಯಲ್ಲಿ. ಇದನ್ನು ಹೇಳಿಬಿಡಲೆಂದೇ ಎಷ್ಟೋ ಸಲ ಆಸ್ಪರಿಗೆ ಹೋಗಿದ್ದೇನೆ. ಪ್ರತಿ ಸಲವೂ ಹಾಯಿ ಎಷ್ಟು ಬೆಳ್ಳಗಿತ್ತೆಂದು ವರ್ಣಿಸಿ ಹಿಂದಿರುಗಿದ್ದೇನೆ.