ಟೈಲರ್ ಮನೆ ಜಗಲಿ

ಎಪ್ಪತ್ತರ ದಶಕದಲ್ಲಿ ಕಂಪ್ಯೂಟರ್ ಓದುತ್ತಿದ್ದ ನಾವು ಅದನ್ನು ಹೆಚ್ಚಾಗಿ ಕಂಡದ್ದು ಕಪ್ಪುಹಲಗೆಯ ಮೇಲೆಯೇ. ಮಾಹಿತಿಯನ್ನು ಕೊಂಡಿ ಹಾಕಿ ಜೋಡಿಸಿಡುವ ಲಿಂಕ್ಡ್ ಲಿಸ್ಟ್ ಪಾಠದಲ್ಲಿ ಮೇಷ್ಟ್ರು ಚೌಕಗಳನ್ನು ಅಲ್ಲೊಂದು ಇಲ್ಲೊಂದು ಬರೆದು, ಮುಂದಿನದು ಎಲ್ಲಿದೆ ಎಂದು ತೋರಿಸಲು ಒಂದರಿಂದ ಇನ್ನೊಂದಕ್ಕೆ ಬಾಣ ಎಳೆಯುತ್ತಿದ್ದರು. ಸಾಲಾಗಿ ಬರೆದರೆ ಇವರ ಗಂಟೇನು ಹೋಗುತ್ತೆ ಅಂತ ನನಗೆ ಸಿಟ್ಟು.

ಪರೀಕ್ಷೆ ಹತ್ತಿರ ಬಂದಾಗ, ಆ ಪಾಠ ಹೇಳಿಸಿಕೊಳ್ಳೋಣವೆಂದು ತ್ಯಾಮಗೊಂಡ್ಲು ಪಕ್ಕದ ಹಳ್ಳಿಯ ಸಹಪಾಠಿ ಗೋಪಾಲನ ಮನೆಗೆ ಹೊರಟೆ. ಬಸ್ಸಿಳಿದು ಟೀ ಅಂಗಡಿಯಲ್ಲಿ ದಾರಿ ಕೇಳಿದೆ.

"ನಂಗೊತ್ತಿಲ್ಲ ಸ್ವಾಮಿ, ಗಿರಣಿಯವ್ರನ್ನ ಕೇಳಿ."

ಗಿರಣಿಯವರು, "ಟೈಲರ್ ನಂಜಪ್ಪನ್ನ ಕೇಳಿ, ತೋರಿಸ್ತಾನೆ" ಅಂದರು.

ನಂಜಪ್ಪ ಇರಲಿಲ್ಲ. "ನೆಲಮಂಗಲಕ್ಕೆ ಹೋಗವ್ರೆ, ಕೂತ್ಕೊಳ್ಳಿ" ಎಂದು ಅವನ ಹೆಂಡತಿ ಮಜ್ಜಿಗೆ ಕೊಟ್ಟರು. ಕೇಳು ಅಂದಿದ್ದು ನಂಜಪ್ಪನನ್ನು. ಹಾಗಾಗಿ ಜಗಲಿ ಮೇಲೆ ಕೂತೆ. ಬಿಸಿಲು ಜಗಲಿ ಹತ್ತಿ, ಇಳಿದೂ ಹೋಯಿತು. ಕೊನೆಗೆ ಆಕೆಯೇ, "ಏನು ಹೊಲಿಸ್ಬೇಕಿತ್ತಪ್ಪಾ?" ಅಂದರು.

"ಹೊಲಿಸೋಕಲ್ಲಮ್ಮ. ಗೋಪಾಲನ ಮನೆ ಎಲ್ಲಿ ಅಂತ ಕೇಳೋಕೆ."

"ಅಯ್ಯೋ, ಪಕ್ಕದ್ಮನೇನೇ ಕಣಪ್ಪಾ! ನನ್ನೇ ಕೇಳಬಾರ್ದಿತ್ತಾ?"

ಗೋಪಾಲ ಕಥೆಯೆಲ್ಲ ಕೇಳಿಯೂ ನಗಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

"ಕಂಪ್ಯೂಟರ್ ಮಿಷನ್ನೂ ಹಿಂಗೇ ಕಣೋ," ಅಂದ. "ಬಾಣ ತೋರಿಸಿದ ಕಡೆಗೇ ಹೋಗುತ್ತೆ, ಅಕ್ಕಪಕ್ಕ ನೋಡಲ್ಲ."

"ಮತ್ತೆ ಸಾಲಾಗಿ ಇಟ್ರೆ ಏನ್ಲಾ ಕಷ್ಟ?"

"ಮಧ್ಯೆ ಒಬ್ಬ ಹೊಸಬ ಬಂದ್ರೆ ಊರನ್ನೆಲ್ಲ ಸರಿಸ್ಬೇಕಾ? ಹಿಂಗಾದ್ರೆ ಹೊಸಬನ್ನ ತೋರ್ಸಿ ಅಂತ ಗಿರಣಿಯವರಿಗೊಂದು ಮಾತು, ನಂಜಪ್ಪನ್ನ ತೋರ್ಸು ಅಂತ ಹೊಸಬನಿಗೊಂದು ಮಾತು ಹೇಳಿದ್ರೆ ಸಾಕು."

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು, ಚೆನ್ನಾಗಿಯೇ ಬರೆದೆ. ಮಿಷನ್ನಿಗೂ ನನಗೂ ಅಂದು ಇದ್ದದ್ದು ಒಂದೇ ವ್ಯತ್ಯಾಸ: ಬಾಣದ ತುದಿಯಲ್ಲಿ ಯಾರೂ ಇಲ್ಲದಿದ್ದರೆ ಅದಕ್ಕೆ ಯಾರೂ ಮಜ್ಜಿಗೆ ಕೊಡುವುದಿಲ್ಲ.