ತಿರುಗಿ ನೋಡದ ಸೊಪ್ಪು

ಸನ್ಮಾನದ ದಿನ ಮಿಕಾಮಿ ಶಿಗೆಹರು ತನ್ನ ಕಪ್ಪು ಸೂಟು ಹಾಕಿಕೊಂಡ. ಹನ್ನೆರಡು ದಿನದ ಹಿಂದೆ ಟೊಕುಜಿ ಅಜ್ಜನ ಸಾವಿಗೂ ಅದನ್ನೇ ಹಾಕಿಕೊಂಡು ಹೋಗಿದ್ದ. ಧೂಪದ ವಾಸನೆ ಇನ್ನೂ ಹೋಗಿರಲಿಲ್ಲ. ಶಿಗೆಹರು ಮೂವತ್ತು ವರ್ಷ ನಮ್ಮೂರ ಶಾಲೆಯಲ್ಲಿ ಊಟ ಬೇಯಿಸಿದವನು, ಶಾಲೆಯ ಹಿಂದೆ ತೋಟ ಮಾಡಿಸಿ ಮಕ್ಕಳಿಗೆ ಬೆಳೆಯುವುದನ್ನೂ ಬೇಯಿಸುವುದನ್ನೂ ಕಲಿಸಿದವನು. ಅದಕ್ಕೇ ಊರಿನ ಈ ಸನ್ಮಾನ. ಮಕ್ಕಳಿಗೆಲ್ಲ ಅವನು ಅಡುಗೆ ಮಾಮ.

ಉತ್ತರ ಜಪಾನಿನ ನಮ್ಮ ಹೊಕ್ಕೈಡೊದಲ್ಲಿ ಹಿಮ ಕರಗಿದ ಕೂಡಲೇ ಕಾಡುಬೆಳ್ಳುಳ್ಳಿ ಸೊಪ್ಪು ಏಳುತ್ತದೆ. ಹೆಚ್ಚುಕಮ್ಮಿ ಅಂಥದೇ ಎಲೆಯ ಒಂದು ಹೂಗಿಡವೂ ಏಳುತ್ತದೆ, ಅದು ಅಪ್ಪಟ ವಿಷ. "ಹಿಸುಕಿ ಮೂಸಿ ನೋಡ್ರೋ. ಬೆಳ್ಳುಳ್ಳಿ ವಾಸನೆ ಬರ್ಲಿಲ್ವಾ, ಬಿಸಾಕಿ. ಗೊತ್ತಾಗ್ಲಿಲ್ವಾ, ನನ್ ಹತ್ರ ತನ್ನಿ," ಎಂದು ಶಿಗೆಹರು ಪ್ರತಿ ವರ್ಷ ಗಂಟಲು ಹರಿಯುವಂತೆ ಹೇಳುತ್ತಿದ್ದ.

ಟೊಕುಜಿ ಅಜ್ಜ ಸಾಯುವ ಮುಂಚೆ ಒಂದು ದಿನ, ಅವನ ಮೊಮ್ಮಗಳು ಐದನೇ ಕ್ಲಾಸಿನ ಚಿನಾತ್ಸು ಶಾಲೆಯ ಅಡುಗೆಮನೆಗೆ ಒಂದು ಹಿಡಿ ಸೊಪ್ಪು ತಂದಿದ್ದಳು. ಅವತ್ತೇ ಸನ್ಮಾನದ ಸುದ್ದಿಗೆಂದು ಪತ್ರಿಕೆಯವರೂ ಬಂದಿದ್ದರು. ಶಿಗೆಹರು ಕೈಯಲ್ಲಿ ಸೌಟು ಹಿಡಿದು, ಗದ್ದ ಎತ್ತಿ ನಿಂತಿದ್ದ.

"ಮಾಮ, ನಂಗೆ ನೆಗಡಿ, ವಾಸನೆನೇ ಗೊತ್ತಾಗ್ತಿಲ್ಲ. ಇದು ಅದೇನಾ?"

"ಹೂಂ ಹೂಂ, ಅದೇ. ಹೋಗು ಪುಟ್ಟಿ, ಫೋಟೋಗೆ ಅಡ್ಡ ಬರ್ತೀಯ."

ಅಯ್ಯೋ ಮಹರಾಯ, ಕತ್ತು ತಿರುಗಿಸಲು ಎಷ್ಟು ಹೊತ್ತು ಬೇಕಿತ್ತು!

ಚಿನಾತ್ಸು ಆ ಸೊಪ್ಪಿಗೆ ಮೊಟ್ಟೆ ಹಾಕಿ ಹುರಿದು ಅಜ್ಜನಿಗೆ ಬಡಿಸಿದಳು. ಅಜ್ಜಿ ಊರಲ್ಲಿರಲಿಲ್ಲ. ಜ್ವರವೂ ಏರಿದ್ದರಿಂದ ಹುಡುಗಿ ಬರೀ ಗಂಜಿ ಕುಡಿದಳು. ಮೂರನೇ ದಿನ ಅಜ್ಜ ತೀರಿಕೊಂಡ. ಆರೋಗ್ಯ ಇಲಾಖೆಯವರು ಕೇಳಿದಾಗ, "ನಾನೇ ಕಿತ್ತಿದ್ದು. ಮೂಸಿ ನೋಡ್ಲಿಲ್ಲ," ಎಂದಳೇ ಹೊರತು ಮಾಮನ ಹೆಸರು ಎತ್ತಲಿಲ್ಲ.

"ಅಡುಗೆ ಮಾಮ ಅಷ್ಟು ಬಡ್ಕೊಂಡ್ರೂ ಕೇಳ್ಲಿಲ್ವಲ್ಲ ಈ ಹುಡ್ಗಿ," ಎಂದಿತು ಊರು. ನಾವೂ ಅಂದೆವು, ಸುಳ್ಳೇಕೆ ಹೇಳಲಿ. ಶಿಗೆಹರು ಅದನ್ನೆಲ್ಲ ಕೇಳಿಸಿಕೊಂಡು ಸಾರು ಕದಡುತ್ತಾ ನಿಂತಿದ್ದ. ರಾತ್ರಿ ನಿದ್ದೆಯಿಲ್ಲ, ಹಗಲು ಬಾಯಿಲ್ಲ. ಒಂದು ಮಾತಾಡಿದ್ದರೆ ಮಗುವಿನ ಮಾನ ಉಳಿಯುತ್ತಿತ್ತು, ಸನ್ಮಾನ ಹೋಗುತ್ತಿತ್ತು, ಅಷ್ಟೇ.

ಸನ್ಮಾನದ ದಿನ ಪುರಭವನಕ್ಕೆ ಹೊರಟವನ ಕಾಲು ಚಿನಾತ್ಸು ಮನೆಯ ಕಡೆಗೆ ತಿರುಗಿತು. ಅಜ್ಜಿ ಫುಸಾಎ ಬಾಗಿಲು ತೆಗೆದಳು. ಒಳಗೆ ಚಿನಾತ್ಸು ಊಟಕ್ಕೆ ಕೂತಿದ್ದಳು. ಅನ್ನದ ಬಟ್ಟಲು ಎತ್ತಿ ಮೂಸಿದಳು. ಒಂದು ತುತ್ತು ತಿಂದು, ಎರಡನೇ ತುತ್ತನ್ನೂ ಮೂಸಿದಳು.

"ನೀರು ಕೊಟ್ರೂ ಹಾಗೇ ಮಾಡ್ತಾಳೆ," ಎಂದಳು ಫುಸಾಎ.

ಶಿಗೆಹರು ಹೊಸ್ತಿಲ ಕೆಳಗೆ ಮಂಡಿಯೂರಿ, ಹಣೆ ನೆಲಕ್ಕೆ ಹಚ್ಚಿ, ನಡೆದದ್ದನ್ನೆಲ್ಲ ಹೇಳಿದ.

ಮುದುಕಿ ಒಳಗೆ ಕೂತ ಚಿನಾತ್ಸು ಕಡೆ ಕೈ ತೋರಿಸಿದಳು. "ಇಷ್ಟು ದಿನ ಊರೆಲ್ಲ ಈ ಕೂಸಿನ ಮುಖಕ್ಕೆ ಉಗೀತಿತ್ತು. ನೋಡ್ಕೊಂಡು ಸುಮ್ನಿದ್ರಾ ಮಿಕಾಮಿ ಅವ್ರೇ?"

ಅವನು ಮತ್ತೆ ಹಣೆ ನೆಲಕ್ಕೊತ್ತಿದ.

"ನಂಗ್ಯಾಕೆ ಹೇಳ್ತೀರಿ? ಜನ ಸೇರಿದಾರಲ್ಲ, ಅಲ್ಲಿ ಹೇಳಿ."

ಅಲ್ಲಿ ಹೇಳಿದ. "ಚಿನಾತ್ಸು ಆ ಸೊಪ್ಪು ತಂದು ಕೇಳಿದ್ಲು. ನಾನು ನೋಡ್ದೇನೇ ಹೂಂ ಅಂದೆ. ತಪ್ಪು ಮಗೂದಲ್ಲ, ನಂದು." ಪ್ರಶಸ್ತಿ ಪತ್ರ ಮೇಜಿನ ಮೇಲೇ ಉಳಿಯಿತು. ಆಮೇಲೆ ಅವನು ಶಾಲೆಯ ಅಡುಗೆಮನೆಗೆ ಕಾಲಿಡಲಿಲ್ಲ.

ಅವನು ಸಭೆಯಿಂದ ಹೊರಬಂದಾಗ ಪುರಭವನದ ಮೆಟ್ಟಿಲ ಮೇಲೆ ಅಜ್ಜಿ ಮೊಮ್ಮಗಳು ಕೂತಿದ್ದರು. ಫುಸಾಎ ಬುತ್ತಿ ಬಿಚ್ಚಿ ಅನ್ನದ ಉಂಡೆಯೊಂದನ್ನು ಚಿನಾತ್ಸು ಕೈಗಿಟ್ಟಳು. ಹುಡುಗಿ ಅದನ್ನು ಮೂಗಿನ ಹತ್ತಿರ ಒಯ್ದಳು.

"ತಿನ್ನು ಕಂದ. ನಾನು ನೋಡಿದೀನಿ."

ಚಿನಾತ್ಸು ಮೂಸದೆ ಕಚ್ಚಿದಳು. ಶಿಗೆಹರು ಪಕ್ಕದಲ್ಲೇ ಇಳಿದು ಹೋದ. ಅವರಿಬ್ಬರೂ ಅವನತ್ತ ತಿರುಗಿ ನೋಡಲಿಲ್ಲ.